ತೆಗೆದರೂ ನಿಲ್ಲುವ ವಾಕ್ಯ

‘ಮಿಯೆಸ್, ಯೊಕಾ ತುಲಿ ಎಯ್ಲೆನ್, ಒನ್ ಒಪೆತ್ತಯ.’ ನಿನ್ನೆ ಬಂದ ಗಂಡಸು ಮೇಷ್ಟ್ರು ಎಂದು ಇದರ ಅರ್ಥ. ಫಿನ್ನಿಷ್‌ನಲ್ಲಿ ಇದನ್ನು ಬರೆಯುವಾಗ ‘ನಿನ್ನೆ ಬಂದ’ ಎಂಬ ಭಾಗದ ಹಿಂದೊಂದು ಮುಂದೊಂದು ಅಲ್ಪವಿರಾಮ ಹಾಕಲೇಬೇಕು. ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣ ಉರು ಹೊಡೆದ ನಮ್ಮವರಿಗೆ ಆ ಎರಡು ಗುರುತು ಕಂಡ ಕೂಡಲೇ ಒಂದು ತೀರ್ಮಾನ ಹೊಳೆಯುತ್ತದೆ: ಇದು ಹೆಚ್ಚುವರಿ ಮಾಹಿತಿ, ಕಿತ್ತು ಹಾಕಿದರೂ ನಡೆದೀತು. ಫಿನ್‌ಲೆಂಡಿನ ಓದುಗನಿಗೆ ಹಾಗೇನೂ ಹೊಳೆಯುವುದಿಲ್ಲ. ಅಲ್ಲಿ ನಾಲ್ಕಾರು ಗಂಡಸರಿದ್ದು, ಯಾರ ಮಾತು ಎಂದು ಗುರುತಿಸಲು ‘ನಿನ್ನೆ ಬಂದ’ ಎನ್ನುವುದೊಂದೇ ದಾರಿಯಾಗಿದ್ದರೂ ಅಲ್ಪವಿರಾಮ ಅಲ್ಲೇ ಕೂತಿರುತ್ತದೆ. ಒಬ್ಬನೇ ಗಂಡಸಿದ್ದು, ಅವನು ಬಂದದ್ದು ಬರೀ ಪೂರಕ ಸುದ್ದಿಯಾದರೂ ಅಷ್ಟೆ.

ವಾಕ್ಯದಲ್ಲಿ ಬೇಕಾದದ್ದು ಯಾವುದು, ಬಿಟ್ಟರೂ ಆದೀತು ಎನ್ನುವಂಥದ್ದು ಯಾವುದು ಎಂಬ ಪ್ರಶ್ನೆ ಎಲ್ಲ ಭಾಷೆಗಳಿಗೂ ಇದೆ. ಫಿನ್ನಿಷ್‌ನಲ್ಲಿ ಅದು ವಿಶೇಷವಾಗಿ ರುಚಿಕಟ್ಟಾಗುವುದು ಏಕೆಂದರೆ, ಹೊರಗಿನ ಯಾವ ಗುರುತನ್ನು ನೆಚ್ಚಿದರೂ ಆ ಭಾಷೆ ಕೈ ಕೊಡುತ್ತದೆ. ಪ್ರತ್ಯಯ ನೋಡಿದರೆ ತಿಳಿಯುವುದಿಲ್ಲ. ಅಲ್ಪವಿರಾಮ ನೋಡಿದರೂ ತಿಳಿಯುವುದಿಲ್ಲ. ಎಸ್ಪೂ, ಹೆಲ್ಸಿಂಕಿಗಳಲ್ಲಿ ಕೆಲಸಕ್ಕೆಂದು ಹೋಗಿ, ಪೌರತ್ವಕ್ಕೆ ಬೇಕಾದ ಭಾಷಾ ಪರೀಕ್ಷೆಗೆ ಓದುವ ಕನ್ನಡಿಗರಿಗೆ ಒಂದು ಅನುಕೂಲವಂತೂ ಇದೆ. ನಾಮಪದಕ್ಕೆ ಬಾಲದಂತೆ ಪ್ರತ್ಯಯ ಅಂಟುವ ಭಾಷೆಯಿಂದಲೇ ಅವರು ಬಂದವರು. ನಮ್ಮಲ್ಲಿ ವಿಭಕ್ತಿಗಳು ಏಳೋ ಎಂಟೋ, ಅಲ್ಲಿ ಸಾಮಾನ್ಯವಾಗಿ ಎಣಿಸುವಂತೆ 15. ಬಾಬತ್ತು ಜಾಸ್ತಿ, ವ್ಯವಹಾರ ಪರಿಚಿತವೇ. ಈ ಹೋಲಿಕೆ ಕಂಡು ಮರುಳಾದವರಲ್ಲಿ ದೊಡ್ಡ ಹೆಸರು ರಾಬರ್ಟ್ ಕಾಲ್ಡ್‌ವೆಲ್ ಅವರದು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಅವರು, ನಮ್ಮ ಭಾಷೆಗಳಿಗೆ ಫಿನ್ನಿಷ್ ಇರುವ ‘ಸಿಥಿಯನ್’ ಗುಂಪಿನ ಜೊತೆ ನಂಟು ಕಟ್ಟಲು ನೋಡಿದರು. ಆ ನಂಟನ್ನು ಇವತ್ತಿನ ಭಾಷಾವಿಜ್ಞಾನ ಒಪ್ಪುವುದಿಲ್ಲ. ಕಟ್ಟಡದ ಶೈಲಿ ಒಂದೇ ಆದ ಮಾತ್ರಕ್ಕೆ ಮನೆತನ ಒಂದೇ ಆಗುವುದಿಲ್ಲ.

ಮೊದಲು ಪ್ರತ್ಯಯದ ಕಥೆ. ‘ಅಸುನ್ ತುರುಸ್ಸ’ ಎಂದರೆ ನಾನು ತುರ್ಕುವಿನಲ್ಲಿ ವಾಸಿಸುತ್ತೇನೆ. ‘ಲುವೆನ್ ತುರುಸ್ಸ’ ಎಂದರೆ ನಾನು ತುರ್ಕುವಿನಲ್ಲಿ ಓದುತ್ತೇನೆ. ತುರ್ಕು ಒಂದು ಊರು. ‘ಸ್ಸ’ ಎಂಬುದು ನಮ್ಮ ‘ಅಲ್ಲಿ’ಯಂಥ ಪ್ರತ್ಯಯ. ಎರಡರಲ್ಲೂ ಪದ ಒಂದೇ, ಪ್ರತ್ಯಯ ಒಂದೇ, ಜಾಗವೂ ಒಂದೇ. ಎರಡನೆಯದರಿಂದ ‘ತುರುಸ್ಸ’ ತೆಗೆಯಿರಿ: ‘ಲುವೆನ್’, ಓದುತ್ತೇನೆ. ವಾಕ್ಯ ನಿಂತಿತು. ಮೊದಲನೆಯದರಿಂದ ತೆಗೆಯಿರಿ: ‘ಅಸುನ್’, ವಾಸಿಸುತ್ತೇನೆ. ಕೇಳಿದವರು ‘ಎಲ್ಲಿ?’ ಎಂದು ಕಾಯುತ್ತಾ ನಿಲ್ಲುತ್ತಾರೆ. ನಮ್ಮ ಮೀಮಾಂಸಕರೂ ನೈಯಾಯಿಕರೂ ಇದಕ್ಕೆ ಒಳ್ಳೆಯ ಹೆಸರನ್ನೇ ಇಟ್ಟಿದ್ದಾರೆ, ಆಕಾಂಕ್ಷೆ. ಪದಗಳು ಸೇರಿ ಅರ್ಥ ಕೊಡಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಮೂರೂ ಇರಬೇಕು ಎಂದರು ಅವರು. ‘ವಾಸಿಸು’ ಎಂಬ ಕ್ರಿಯೆಗೆ ಸ್ಥಳದ ಆಕಾಂಕ್ಷೆ ಇದೆ, ‘ಓದು’ ಎಂಬ ಕ್ರಿಯೆಗೆ ಇಲ್ಲ. ಯುರೋಪಿನಲ್ಲಿ ಇದೇ ಮಾತನ್ನು ಬೇರೆ ದಾರಿಯಿಂದ ಮುಟ್ಟಿದವನು ಫ್ರಾನ್ಸಿನ ಲುಸಿಯೆನ್ ತೆನಿಯೆರ್. ಅವನು 1954ರಲ್ಲಿ ತೀರಿಕೊಂಡ. ಕ್ರಿಯಾಪದವೇ ವಾಕ್ಯದ ನಡುಗಂಬ, ಅದು ಕೇಳುವ ಪಾತ್ರಗಳು ಬೇರೆ, ಸುತ್ತಲಿನ ಸನ್ನಿವೇಶ ಬೇರೆ ಎಂದು ವಿವರಿಸುವ ಅವನ ಮುಖ್ಯ ಗ್ರಂಥ ಹೊರಬಂದದ್ದು 1959ರಲ್ಲಿ. ಫಿನ್‌ಲೆಂಡಿನ ಇವತ್ತಿನ ವ್ಯಾಕರಣಕಾರರು ಕ್ರಿಯಾಪದ ಕೇಳಿ ಪಡೆಯುವುದನ್ನು ಪೂರಕ ಎನ್ನುತ್ತಾರೆ, ಕೇಳದೆ ಬರುವುದನ್ನು ‘ವಪಾ ಮ್ಯಾರಿತೆ’ ಎನ್ನುತ್ತಾರೆ. ಅಂದರೆ ಬಿಡಿ ವಿಶೇಷಣ, ಹಂಗಿಲ್ಲದೆ ಬಂದದ್ದು.

ಯಾವುದು ಬಿಡಿ, ಯಾವುದು ಪೂರಕ ಎಂದು ಪರೀಕ್ಷಿಸಲು ಕನ್ನಡದಲ್ಲೂ ಸುಲಭದ ಉಪಾಯವಿದೆ. ಪದವನ್ನು ಕಿತ್ತು, ‘ಅದೂ’ ಎಂಬ ಮಾತಿನ ಜೊತೆ ಕೊನೆಗೆ ಹಾಕಿ ನೋಡಿ. ‘ಓದುತ್ತಾನೆ, ಅದೂ ಬಸ್ಸಿನಲ್ಲಿ’ ಸಲೀಸಾಗಿ ಬರುತ್ತದೆ. ‘ವಾಸಿಸುತ್ತಾನೆ, ಅದೂ ಬಸವನಗುಡಿಯಲ್ಲಿ’ ಎಂದರೆ ಏನೋ ಕೊಂಕು ಮಾತಿನಂತೆ ಕೇಳುತ್ತದೆ. ಫಿನ್ನಿಷ್‌ನಲ್ಲೂ ‘ಮತ್ತು ಅದು ನಡೆಯುವುದು ಇಂಥಲ್ಲಿ’ ಎಂದು ಜೋಡಿಸಿ ನೋಡಿದರೆ ಹೆಚ್ಚುಕಡಿಮೆ ಇದೇ ಉತ್ತರ ಸಿಗುತ್ತದೆ.

ಇನ್ನೊಂದು ವಾಕ್ಯ ನೋಡಿ: ‘ಪಿದ್ಯಾನ್ ಕಹ್ವಿಸ್ತ ಆಮುಲ್ಲ’. ಬೆಳಿಗ್ಗೆ ಹೊತ್ತು ಕಾಫಿ ಎಂದರೆ ನನಗೆ ಇಷ್ಟ. ತಲಾವಾರು ಕಾಫಿ ಕುಡಿಯುವುದರಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ದೇಶದಲ್ಲಿ ಈ ವಾಕ್ಯ ಪಾಠದ ಪುಸ್ತಕಕ್ಕೆ ಬರದೆ ಇರುವುದುಂಟೇ! ‘ಆಮುಲ್ಲ’, ಬೆಳಿಗ್ಗೆ ಎಂಬುದು ಬಿಡಿ. ತೆಗೆದರೂ ಕಾಫಿಯ ಮೇಲಿನ ಪ್ರೀತಿ ಉಳಿಯುತ್ತದೆ. ‘ಕಹ್ವಿಸ್ತ’ ಎಂಬುದರಲ್ಲಿರುವ ‘ಸ್ತ’ ಅಕ್ಷರಶಃ ‘ಒಳಗಿನಿಂದ’ ಎನ್ನುವ ಪ್ರತ್ಯಯ. ಅಂಗಡಿಯಿಂದ ಬಂದೆ ಎನ್ನುವಾಗಲೂ ಅದೇ ‘ಸ್ತ’. ಆದರೆ ಇಲ್ಲಿ ಅದನ್ನು ಕಿತ್ತರೆ ಉಳಿಯುವ ‘ಪಿದ್ಯಾನ್’ ಇಷ್ಟಪಡುತ್ತೇನೆ ಎಂಬ ಅರ್ಥವನ್ನೇ ಕಳೆದುಕೊಂಡು ‘ಹಿಡಿದಿದ್ದೇನೆ’ ಎಂಬ ಕಡೆಗೆ ಜಾರುತ್ತದೆ. ಒಂದು ಪ್ರತ್ಯಯ ಕ್ರಿಯಾಪದದ ಅರ್ಥವನ್ನೇ ಹಿಡಿದು ನಿಲ್ಲಿಸಿದೆ. ಶಾಲೆಯ ಲೆಕ್ಕದಲ್ಲಿ ಇವೆರಡೂ ಒಂದೇ ಗುಂಪಿನವು, ‘ಅದ್ವೆರ್ಬಿಯಾಲಿ’.

ಆ ಗುಂಪು ಒಂದು ಬಗೆಯ ಉಳಿಕೆ. ಕರ್ತೃ, ಕ್ರಿಯೆ, ಕರ್ಮ, ವಿಧೇಯ ವಿಶೇಷಣ ಎಲ್ಲವನ್ನೂ ಆರಿಸಿಕೊಂಡ ಮೇಲೆ ಮಿಕ್ಕಿದ್ದನ್ನೆಲ್ಲ ಅಲ್ಲಿ ತುಂಬಿದಂತೆ ಕಾಣುತ್ತದೆ. ತಲೆಮಾರುಗಳ ಕಾಲ ಅಲ್ಲಿನ ಶಾಲೆಗಳಲ್ಲಿ ನಡೆದ ವಾಕ್ಯರಚನೆಯ ಪುಸ್ತಕ ಬರೆದವನ ವಯಸ್ಸು ಕೇಳಿದರೆ ಅಚ್ಚರಿಯಾಗುತ್ತದೆ. ಏಮಿಲ್ ನೆಸ್ಟೊರ್ ಸೆತ್ಯಾಲ್ಯಾ ಹುಟ್ಟಿದ್ದು 1864ರಲ್ಲಿ, ಅವನ ‘ಫಿನ್ನಿಷ್ ಭಾಷೆಯ ವಾಕ್ಯಶಾಸ್ತ್ರ’ ಅಚ್ಚಾದದ್ದು 1880ರಲ್ಲಿ. ಹದಿನಾರರ ಹುಡುಗ ಬರೆದ ವ್ಯಾಕರಣವನ್ನು ಮುಂದೆ ದೇಶವೇ ಓದಿತು! ಆಮೇಲೆ ಅವನು ಪ್ರಾಧ್ಯಾಪಕನಾದ, ರಾಜಕಾರಣಿಯಾದ, 1917ರ ಸ್ವಾತಂತ್ರ್ಯ ಘೋಷಣೆಯ ಬರವಣಿಗೆಯಲ್ಲಿ ಅವನ ಕೈಯಿತ್ತು. ಹುಡುಗನ ಪುಸ್ತಕ ಎಂದು ಲಘುವಾಗಿ ನೋಡುವಂತಿಲ್ಲ. ಅವನ ವಿಂಗಡಣೆಯ ಅನೇಕ ಹೆಸರುಗಳು ಇವತ್ತಿಗೂ ಚಾಲ್ತಿಯಲ್ಲಿವೆ. ಉಳಿಕೆಯ ಮೂಟೆಯನ್ನು ಬಿಚ್ಚಿ ಒಂದೊಂದನ್ನೇ ವಿಂಗಡಿಸುವ ಕೆಲಸ ದೊಡ್ಡದಾಗಿ ಆದದ್ದು 2004ರಲ್ಲಿ ಬಂದ ‘ಇಸೊ ಸುವೊಮೆನ್ ಕಿಯೆಲಿಯೊಪ್ಪಿ’ಯಲ್ಲಿ. ದೊಡ್ಡ ಫಿನ್ನಿಷ್ ವ್ಯಾಕರಣ ಎಂಬ ಹೆಸರಿಗೆ ತಕ್ಕಂತೆ ಸುಮಾರು 1,700 ಪುಟ. ಔಲಿ ಹಕುಲಿನೆನ್ ಅವರ ಮುಂದಾಳತ್ವದಲ್ಲಿ ಆರು ಮಂದಿ ಸೇರಿ ಬರೆದದ್ದು. 2008ರಿಂದ ಅಂತರ್ಜಾಲದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ನಮ್ಮ ಭಾಷೆಗೆ ಅಂಥದ್ದೊಂದು ಬೇಕಿತ್ತು ಎಂದು ಹೊಟ್ಟೆಕಿಚ್ಚು ಪಡಲು ಯೋಗ್ಯವಾದ ಕೆಲಸ.

ಆ ಮೂಟೆಯಲ್ಲಿ ಸಿಕ್ಕಿದ ಒಂದು ವಿಚಿತ್ರ ಪ್ರಾಣಿಯನ್ನು ಅವರು ‘ಓಸ್ಮ’ ಎಂದು ಕರೆಯುತ್ತಾರೆ. ಕರ್ಮದ ವಿಭಕ್ತಿ ತೊಟ್ಟ ಪ್ರಮಾಣಸೂಚಕ ಎಂಬ ಉದ್ದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಗಿಡ್ಡ ಹೆಸರು. ‘ನುಕುಯಿನ್ ತುನ್ನಿನ್’: ಒಂದು ಗಂಟೆ ಮಲಗಿದೆ. ಮಲಗುವುದು ಅಕರ್ಮಕ ಕ್ರಿಯೆ, ಅದಕ್ಕೆ ಕರ್ಮದ ಆಕಾಂಕ್ಷೆಯೇ ಇಲ್ಲ. ಗಂಟೆ ಎಂಬುದು ಎಷ್ಟು ಹೊತ್ತು ಎಂದು ತಿಳಿಸುವ ಬಿಡಿ ಮಾತು. ಆದರೂ ‘ತುಂತಿ’ ಎಂಬ ಪದ ‘ತುನ್ನಿನ್’ ಆಗಿ, ‘ಪುಸ್ತಕವನ್ನು ಓದಿದೆ’ ಎನ್ನುವಾಗ ಪುಸ್ತಕ ಯಾವ ರೂಪ ತಾಳುತ್ತದೋ ಅದೇ ರೂಪ ತಾಳುತ್ತದೆ.

ಸುಮ್ಮನೆ ಆಕಸ್ಮಿಕ ಇರಬಹುದು ಎಂದುಕೊಂಡರೆ ಫಿನ್ನಿಷ್ ಬಿಡುವುದಿಲ್ಲ. ಆ ಭಾಷೆಯ ಕರ್ಮಕ್ಕೆ ಕೆಲವು ಚಾಳಿಗಳಿವೆ. ವಾಕ್ಯ ನಿಷೇಧಾರ್ಥಕವಾದರೆ ಅದು ಬೇರೊಂದು ವಿಭಕ್ತಿಗೆ ಬದಲಾಗುತ್ತದೆ. ಆಜ್ಞೆಯಾದರೆ ಪ್ರತ್ಯಯ ಕಳಚಿ ಬರಿಮೈಯಲ್ಲಿ ನಿಲ್ಲುತ್ತದೆ. ಈಗ ಗಂಟೆಯನ್ನು ನೋಡಿ. ‘ಎನ್ ನುಕ್ಕುನುತ್ ತುಂತಿಯಕಾನ್’, ಒಂದು ಗಂಟೆಯೂ ಮಲಗಲಿಲ್ಲ. ಇಲ್ಲಿ ‘ತುಂತಿಯ’ ಎಂಬುದು ನಿಷೇಧದ ವಿಭಕ್ತಿ. ‘ನುಕು ತುಂತಿ’, ಒಂದು ಗಂಟೆ ಮಲಗು. ಇಲ್ಲಿ ಬರೀ ‘ತುಂತಿ’. ಕರ್ಮ ಎಲ್ಲೆಲ್ಲಿ ಬಣ್ಣ ಬದಲಿಸುತ್ತದೋ ಅಲ್ಲೆಲ್ಲ ಈ ಗಂಟೆಯೂ ಬದಲಿಸುತ್ತದೆ. ವೇಷ ಮಾತ್ರವಲ್ಲ, ಹೆಜ್ಜೆಯೂ ಕರ್ಮದ್ದೇ. ಹಾಗಿದ್ದೂ ತೆಗೆದರೆ ವಾಕ್ಯಕ್ಕೆ ಏನೂ ಆಗುವುದಿಲ್ಲ: ‘ನುಕುಯಿನ್’, ಮಲಗಿದೆ. ಕನ್ನಡ ಈ ವಿಷಯದಲ್ಲಿ ಮಿತಭಾಷಿ. ‘ಒಂದು ಗಂಟೆಯನ್ನು ಮಲಗಿದೆ’ ಎಂದು ಯಾರೂ ಅನ್ನುವುದಿಲ್ಲ. ‘ಒಂದು ಗಂಟೆ’ ಎಂದರೆ ಮುಗಿಯಿತು. ಹೆಚ್ಚುವರಿ ಅಂಶಕ್ಕೆ ಕರ್ಮದಷ್ಟೇ ಶಿಸ್ತು ಹೇರುವ ಫಿನ್ನಿಷ್ ಪದ್ಧತಿಯಲ್ಲಿ ನನಗೊಂದು ಗಾಂಭೀರ್ಯ ಕಾಣುತ್ತದೆ. ಬಿಡಿ ಎಂದ ಮಾತ್ರಕ್ಕೆ ಅಲ್ಲಿ ಯಾವುದನ್ನೂ ಸಡಿಲ ಬಿಟ್ಟಿಲ್ಲ.

ಇದೇ ಗಾಂಭೀರ್ಯ ಸಮಾನಾಧಿಕರಣದಲ್ಲೂ, ಅಂದರೆ ಒಂದು ಹೆಸರಿನ ಬೆನ್ನಿಗೇ ಅದನ್ನು ವಿವರಿಸುವ ಇನ್ನೊಂದು ಹೆಸರು ಇಡುವಲ್ಲೂ ಇದೆ. ತುರ್ಕು ಫಿನ್‌ಲೆಂಡಿನ ಅತಿ ಹಳೆಯ ಪಟ್ಟಣ. 1812ರಲ್ಲಿ ಹೆಲ್ಸಿಂಕಿಗೆ ರಾಜಧಾನಿ ಪಟ್ಟ ಹೋಗುವವರೆಗೂ ಅದೇ ಮುಖ್ಯ ಊರು. ‘ಅಸುನ್ ತುರುಸ್ಸ’ ಎಂದು ಮುಗಿಸಿದವನು ಊರಿನ ಹೆಮ್ಮೆ ತಡೆಯಲಾರದೆ ಬಾಲ ಸೇರಿಸುತ್ತಾನೆ ಎನ್ನಿ: ‘ಅಸುನ್ ತುರುಸ್ಸ, ಸುವೊಮೆನ್ ವನ್ಹಿಮ್ಮಸ್ಸ ಕೌಪುಂಗಿಸ್ಸ.’ ತುರ್ಕುವಿನಲ್ಲಿ ವಾಸ, ಫಿನ್‌ಲೆಂಡಿನ ಅತಿ ಹಳೆಯ ಪಟ್ಟಣದಲ್ಲಿ. ಈ ಬಾಲ ಪೂರ್ತಿ ಹೆಚ್ಚುವರಿ, ಅಲ್ಪವಿರಾಮವೂ ಬಿದ್ದಿದೆ. ಆದರೆ ‘ಸ್ಸ’ ತಪ್ಪಲಿಲ್ಲ. ಪಟ್ಟಣಕ್ಕೂ ಬಂತು, ‘ಅತಿ ಹಳೆಯ’ ಎಂಬ ಗುಣವಾಚಕಕ್ಕೂ ಬಂತು. ಕನ್ನಡದಲ್ಲಿ ನಾವೂ ‘ಲೀಸಾಗೆ ಕೊಟ್ಟೆ, ನನ್ನ ತಂಗಿಗೆ’ ಎಂದು ಬಾಲಕ್ಕೂ ‘ಗೆ’ ಹಚ್ಚುತ್ತೇವೆ. ‘ಅನ್ನೋಯಿನ್ ಕಿರ್ಯನ್ ಲೀಸಲ್ಲೆ, ಸಿಸ್ಕೊಲ್ಲೆನಿ’ ಎಂದು ಪುಸ್ತಕ ಕೊಡುವ ಫಿನ್ನಿಷ್ ಸಹೋದರನೂ ಅದನ್ನೇ ಮಾಡುತ್ತಾನೆ. (ಅವನ ‘ಸಿಸ್ಕೊ’ ಅಕ್ಕನೋ ತಂಗಿಯೋ ಎಂದು ಕೇಳಬೇಡಿ, ಪದದಲ್ಲಿ ಆ ಸುದ್ದಿ ಇಲ್ಲ.) ಆದರೆ ಗುಣವಾಚಕಕ್ಕೂ ಪ್ರತ್ಯಯ ಹಚ್ಚಿ ‘ಹಳೆಯದರಲ್ಲಿ ಪಟ್ಟಣದಲ್ಲಿ’ ಎನ್ನುವುದು ನಮ್ಮ ಜಾಯಮಾನವಲ್ಲ.

ಬಿರುದು ಹೆಸರಿನ ಮುಂದೆ ಬಂದರೆ ಮಾತ್ರ ಫಿನ್ನಿಷ್‌ನವರು ನಮ್ಮಂತೆಯೇ. ‘ಪ್ರೆಸಿದೆಂತ್ತಿ ಕೆಕ್ಕೊಸೆಲ್ಲೆ’, ಅಧ್ಯಕ್ಷ ಕೆಕ್ಕೊನೆನ್ ಅವರಿಗೆ. 1956ರಿಂದ 1982ರವರೆಗೆ ದೇಶವನ್ನಾಳಿದವರ ಹೆಸರಿಗೆ ಪ್ರತ್ಯಯ ಬಂತು, ಪದವಿಗೆ ಬರಲಿಲ್ಲ. ಇಲ್ಲಿ ಬಿರುದು ಹೆಸರಿಗೆ ಅಂಟಿಕೊಂಡಿದೆ. ಅದೇ ಬಿರುದನ್ನು ಹಿಂದಕ್ಕೆ ಹಾಕಿ ಬಿಡಿಯಾಗಿ ಹೇಳಿ: ‘ಕೆಕ್ಕೊಸೆಲ್ಲೆ, ಪ್ರೆಸಿದೆಂತಿಲ್ಲೆ’. ಈಗ ಎರಡಕ್ಕೂ ಪ್ರತ್ಯಯ. ಅಂಟಿಕೊಂಡಾಗ ಬೇಡವಾಗಿದ್ದ ವಿಭಕ್ತಿ, ಬಿಡಿಯಾದ ಕೂಡಲೇ ಬೇಕಾಯಿತು.

ಈಗ ಅಲ್ಪವಿರಾಮ. ಇಂಗ್ಲಿಷ್‌ನಲ್ಲಿ ಅದು ಅರ್ಧ ಉಸಿರಿನ ಗುರುತು, ಅರ್ಧ ಅರ್ಥದ ಗುರುತು. ಫಿನ್ನಿಷ್‌ನಲ್ಲಿ, ಜರ್ಮನ್‌ನಲ್ಲಿ ಇದ್ದಂತೆ, ಅದು ಬಹುಮಟ್ಟಿಗೆ ಉಪವಾಕ್ಯದ ಎಲ್ಲೆಗಲ್ಲು. ಪೂರ್ಣ ಕ್ರಿಯಾಪದ ಇರುವ ಉಪವಾಕ್ಯ ಎಲ್ಲಿ ಶುರುವಾಗುತ್ತದೋ ಅಲ್ಲೊಂದು, ಮುಗಿದಲ್ಲೊಂದು. ಅದು ಬೇಕೋ ಬೇಡವೋ ಎಂದು ಅಲ್ಪವಿರಾಮ ವಿಚಾರಿಸುವುದಿಲ್ಲ. ‘ಅವನು ಬರುತ್ತಾನೆ ಎಂದು ನನಗೆ ಗೊತ್ತು’ ಎಂಬ ವಾಕ್ಯದಲ್ಲಿ ‘ಅವನು ಬರುತ್ತಾನೆ’ ಎಂಬುದು ‘ಗೊತ್ತು’ ಎಂಬುದರ ಕರ್ಮ, ಅದಿಲ್ಲದೆ ವಾಕ್ಯವೇ ಇಲ್ಲ. ಆದರೂ ಫಿನ್ನಿಷ್‌ನಲ್ಲಿ ‘ಎತ್ತ್ಯಾ’ ಎಂಬ ಕೊಂಡಿಪದದ ಮುಂದೆ ಅಲ್ಪವಿರಾಮ ಕಡ್ಡಾಯ.

ಅತ್ತ ಪೂರ್ಣ ಕ್ರಿಯಾಪದ ಇಲ್ಲದೆ ಕೃದಂತದಲ್ಲಿ ಹೇಳಿದರೆ, ಎಷ್ಟೇ ಬಿಡಿಯಾಗಿದ್ದರೂ ಅಲ್ಪವಿರಾಮವಿಲ್ಲ. ಮನೆಗೆ ಬಂದ ಮೇಲೆ ಮಲಗಿದೆ ಎನ್ನಲು ಎರಡು ದಾರಿ. ‘ಕುನ್ ಒಲಿನ್ ತುಲ್ಲುತ್ ಕೊತೀನ್, ನುಕುಯಿನ್’ ಎಂದರೆ ‘ಯಾವಾಗ ಮನೆಗೆ ಬಂದಿದ್ದೆನೋ ಆಗ ಮಲಗಿದೆ’ ಎಂಬ ಧಾಟಿ, ಅದಕ್ಕೆ ಅಲ್ಪವಿರಾಮ. ‘ತುಲ್ತುವನಿ ಕೊತೀನ್ ನುಕುಯಿನ್’ ಎಂದರೆ ನೇರವಾಗಿ ನಮ್ಮ ‘ಬಂದ ಮೇಲೆ’, ಅದಕ್ಕಿಲ್ಲ. ಅರ್ಥ ಒಂದೇ, ಬಿಡಿತನವೂ ಒಂದೇ. ‘ತುಲ್ತುವನಿ’ಯ ಕೊನೆಯ ‘ನಿ’ ಬಂದವನು ನಾನೇ ಎಂದು ತಿಳಿಸುತ್ತದೆ. ಕನ್ನಡದ ‘ಬಂದ ಮೇಲೆ’ಯಲ್ಲಿ ಆ ಸೂಚನೆ ಇಲ್ಲ, ಸಂದರ್ಭವೇ ಹೇಳಬೇಕು. ‘ಕಳೆದ ವರ್ಷ ತುರ್ಕುವಿಗೆ ಮನೆ ಬದಲಾಯಿಸಿದೆ’ ಎನ್ನುವಾಗಲೂ ‘ವೀಮೆ ವುವೊನ್ನ’, ಕಳೆದ ವರ್ಷ ಎಂಬುದರ ನಂತರ ಅಲ್ಪವಿರಾಮ ಕೂಡದು. ಇಂಗ್ಲಿಷ್ ಓದಿ ಓದಿ ಕೈ ರೂಢಿಯಾದವರು ಅಲ್ಲಿ ಹಾಕಿಬಿಡುತ್ತಾರೆ. ಹೆಲ್ಸಿಂಕಿಯಲ್ಲಿ 1976ರಲ್ಲಿ ಹುಟ್ಟಿದ ದೇಶಭಾಷೆಗಳ ಸಂಸ್ಥೆ ‘ಕೊತುಸ್’ ಇಂಥ ವಿಷಯಗಳಲ್ಲಿ ಸಲಹೆ ಕೊಡುವುದನ್ನೇ ಕಸುಬು ಮಾಡಿಕೊಂಡಿದೆ. ಭಾಷಾ ಸಲಹೆಗೆಂದೇ 1968ರಿಂದ ‘ಕಿಯೆಲಿಕೆಲ್ಲೊ’ ಎಂಬ ಪತ್ರಿಕೆ ಇದೆ. ಅಲ್ಪವಿರಾಮಕ್ಕಾಗಿ ಒಂದು ಸರ್ಕಾರಿ ಸಂಸ್ಥೆಯನ್ನು ಕೇಳಬಹುದಾದ ದೇಶದಲ್ಲಿ ಬಾಳುವುದು ಹೇಗಿರುತ್ತದೋ!

ಹಾಗಾದರೆ ಅಗತ್ಯದ ಉಪವಾಕ್ಯವನ್ನೂ ಹೆಚ್ಚುವರಿಯನ್ನೂ ಬೇರ್ಪಡಿಸುವುದು ಹೇಗೆ? ‘ಒಪಿಸ್ಕೆಲಿಯತ್, ಯೊತ್ಕ ಅಸುವತ್ ಎಸ್ಪೋಸ್ಸ, ಸಾವತ್ ಅಲೆನ್ನುಕ್ಸೆನ್’ ಎಂದು ಒಂದು ಫಲಕ ಬರೆದಿದೆ ಎಂದುಕೊಳ್ಳಿ. ಎಸ್ಪೂದಲ್ಲಿ ವಾಸಿಸುವ ವಿದ್ಯಾರ್ಥಿಗಳಿಗೆ ರಿಯಾಯಿತಿ. ಎಸ್ಪೂದವರಿಗೆ ಮಾತ್ರವೋ, ಎಲ್ಲ ವಿದ್ಯಾರ್ಥಿಗಳಿಗೋ, ಅವರೆಲ್ಲ ಇರುವುದೇ ಎಸ್ಪೂದಲ್ಲೋ? ಅಲ್ಪವಿರಾಮ ಬಾಯಿ ಬಿಡುವುದಿಲ್ಲ. ಕನ್ನಡವೂ ಇಲ್ಲಿ ಅಷ್ಟೇ ಮುಗ್ಧ. ‘ಮೈಸೂರಿನಲ್ಲಿರುವ ನಮ್ಮಣ್ಣ’ ಎಂದರೆ ನನಗೆ ಒಬ್ಬನೇ ಅಣ್ಣನೋ, ಮೂವರಿದ್ದು ಅವರಲ್ಲಿ ಮೈಸೂರಿನವನೋ ಎಂದು ವಾಕ್ಯ ಹೇಳದು. ನಾವು ಹೀಗೆ ಕೃದಂತವನ್ನು ನಾಮಪದದ ಮುಂದಿಟ್ಟು ಮಾತಾಡುತ್ತೇವೆ. ಫಿನ್ನಿಷ್‌ಗೂ ಆ ದಾರಿ ತೆರೆದಿದೆ: ‘ಎಯ್ಲೆನ್ ತುಲ್ಲುತ್ ಮಿಯೆಸ್’, ನಿನ್ನೆ ಬಂದ ಗಂಡಸು, ಪದಕ್ಕೆ ಪದ ಕನ್ನಡ. ಸರ್ಕಾರಿ ಕಾಗದಪತ್ರಗಳಲ್ಲಿ, ಸುದ್ದಿಗಳಲ್ಲಿ ಈ ರಚನೆ ಬಹಳ. ಮಾತಿನಲ್ಲಿ ಕಡಿಮೆ. ಸಂದೇಹ ಬರಬಾರದು ಎಂದಿದ್ದರೆ ಅಲ್ಲಿಯವರು ನಾಮಪದದ ಮುಂದೆ ‘ಸೆ’ ಎಂಬ ತೋರುಪದ ಇಡುತ್ತಾರೆ. ‘ಸೆ ಮಿಯೆಸ್, ಯೊಕಾ...’ ಎಂದರೆ ‘ಯಾರು ಬಂದನೋ ಆ ಗಂಡಸು’ ಎಂದು ಬೊಟ್ಟು ಮಾಡಿದಂತೆ. ಬರೀ ಪೂರಕ ಸುದ್ದಿ ಎನ್ನಬೇಕಾದರೆ ಉಪವಾಕ್ಯದೊಳಗೆ ‘ಮೂತೆನ್’ ಸೇರಿಸುತ್ತಾರೆ, ನಮ್ಮ ‘ಅಂದಹಾಗೆ’. ಹೀಗೆ ಗುರುತಿನ ಕೆಲಸ ಅಲ್ಪವಿರಾಮದಿಂದ ಪದಗಳ ಹೆಗಲಿಗೆ ಹೋಗಿದೆ. ಇದೇ ವಾಸಿ ಎಂದು ನನ್ನ ಎಣಿಕೆ, ಏಕೆಂದರೆ ಓದಿ ಹೇಳುವಾಗ ಅಲ್ಪವಿರಾಮ ಕಿವಿಗೆ ಬೀಳುವುದಿಲ್ಲ, ಪದ ಬೀಳುತ್ತದೆ.

ಬಿಡಿ ಮಾತುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ‘ಮುಯಿಸ್ತಾಕ್ಸೆನಿ’. ನನಗೆ ನೆನಪಿರುವ ಹಾಗೆ, ಎಂದು ನಾವು ಮೂರು ಪದದಲ್ಲಿ ಹೇಳುವುದನ್ನು ಅವರು ಒಂದರಲ್ಲಿ ಮುಗಿಸುತ್ತಾರೆ. ಮುಂದೆ ನೆನೆ ಎಂಬ ಧಾತು, ನಡುವೆ ಒಂದು ವಿಭಕ್ತಿ, ಕೊನೆಗೆ ‘ನನ್ನ’ ಎಂಬ ‘ನಿ’. ‘ಹಾಲು ಕೊಳ್ಳಲು ಅಂಗಡಿಗೆ ಹೋದೆ’ ಎನ್ನುವಾಗ ‘ಕೊಳ್ಳಲು’ ಎಂಬುದಕ್ಕೂ ಇದೇ ರೂಪ ಬಳಸುವುದುಂಟು. ಉದ್ದೇಶ ಹೇಳುವ ಅಚ್ಚಿನಲ್ಲೇ ‘ನೆನಪಿರುವ ಹಾಗೆ’, ‘ತಿಳಿದ ಮಟ್ಟಿಗೆ’, ‘ನನ್ನೆಣಿಕೆಯಲ್ಲಿ’ ಮೂರನ್ನೂ ಎರಕ ಹೊಯ್ದಿದ್ದಾರೆ. ಇವು ವಾಕ್ಯದ ಹೊರಗೆ ನಿಂತು ವಾಕ್ಯದ ಬಗ್ಗೆಯೇ ಮಾತಾಡುವ ಪದಗಳು. ಆದರೂ ಅಕ್ಕಪಕ್ಕ ಅಲ್ಪವಿರಾಮವಿಲ್ಲ. ಒಳಗೇ ಕರಗಿಹೋಗುತ್ತವೆ. ಅದೇ ಅಭಿಪ್ರಾಯವನ್ನು ಪೂರ್ಣ ಕ್ರಿಯಾಪದದಲ್ಲಿ, ‘ಹ್ಯಾನ್ ಒನ್, ಲೂಲಿಸಿನ್, ಕೊತೊನ’ ಎಂದು ಹೇಳಿದರೆ (ಇದ್ದಾನು, ನನ್ನ ಊಹೆ, ಮನೆಯಲ್ಲೇ) ಎರಡು ಅಲ್ಪವಿರಾಮ ಹಾಜರು.

ಇವುಗಳ ಜೊತೆಗೆ ‘ಕೂಲೆಮ್ಮ’ ಎಂಬುದೊಂದಿದೆ. ಕೇಳು ಎಂಬ ಧಾತುವಿನಿಂದ ಬಂದ ಪದ. ‘ಹ್ಯಾನ್ ಒನ್ ಕೂಲೆಮ್ಮ ಸಾಯ್ರಸ್’: ಅವನಿಗೆ ಹುಷಾರಿಲ್ಲವಂತೆ. ಅವಳಿಗೂ ಆಗಬಹುದು, ‘ಹ್ಯಾನ್’ಗೆ ಗಂಡು ಹೆಣ್ಣು ಭೇದವಿಲ್ಲ. ನಮ್ಮ ‘ಅಂತೆ’ಯ ಕೆಲಸವನ್ನೇ ಮಾಡುವ ಈ ಪದ ವ್ಯಾಕರಣದ ಲೆಕ್ಕದಲ್ಲಿ ಬಿಡಿಯಲ್ಲಿ ಬಿಡಿ. ತೆಗೆಯಿರಿ, ವಾಕ್ಯ ಬಂಡೆಯಂತೆ ನಿಲ್ಲುತ್ತದೆ: ಅವನಿಗೆ ಹುಷಾರಿಲ್ಲ. ಆದರೆ ಹೇಳಿದವನ ಜವಾಬ್ದಾರಿ ಪೂರ್ತಿ ಬದಲಾಯಿತು. ಊರ ಸುದ್ದಿ ದಾಟಿಸುತ್ತಿದ್ದವನು ಈಗ ಸಾಕ್ಷಿ ನುಡಿಯುತ್ತಿದ್ದಾನೆ. ಸುದ್ದಿಮನೆಯಲ್ಲಿ ಕೆಲಸ ಮಾಡಿದವರಿಗೆ ಒಂದು ‘ಅಂತೆ’ ಬಿಟ್ಟುಹೋದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಬಿಟ್ಟರೂ ವಾಕ್ಯ ನಿಲ್ಲುತ್ತದೆ ಎಂದಾಗ ನಿಲ್ಲುವುದು ರಚನೆ ಮಾತ್ರ. ನಿಜ ನಿಲ್ಲುತ್ತದೆ ಎಂದು ವ್ಯಾಕರಣ ಭರವಸೆ ಕೊಟ್ಟೇ ಇಲ್ಲ. ‘ಲುವೆನ್ ಯುನಸ್ಸ’, ರೈಲಿನಲ್ಲಿ ಓದುತ್ತೇನೆ. ರೈಲು ತೆಗೆದರೆ ‘ಓದುತ್ತೇನೆ’. ಮೊದಲ ಮಾತು ನಿಜವಾಗಿದ್ದರೆ ಇದೂ ನಿಜ. ಈಗ ಅದನ್ನೇ ನಿಷೇಧಿಸಿ. ‘ಎನ್ ಲುವೆ ಯುನಸ್ಸ’, ರೈಲಿನಲ್ಲಿ ಓದುವುದಿಲ್ಲ. (‘ಎನ್’ ಎಂಬುದೇ ಅಲ್ಲಿ ಇಲ್ಲ ಎನ್ನುವ ಕ್ರಿಯಾಪದ, ನಾನು ನೀನು ಎಂದು ಪುರುಷಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ, ಹಳೆಯ ಕನ್ನಡದ ‘ಓದೆನು’, ‘ಓದನು’ ನೆನಪಾದರೆ ಸರಿ.) ಇದರಿಂದ ರೈಲು ತೆಗೆಯಿರಿ. ‘ಎನ್ ಲುವೆ’, ಓದುವುದಿಲ್ಲ. ಪುಸ್ತಕದ ಹುಳುವೊಂದು ಓದುಬರಹ ಬಿಟ್ಟವನಾಗಿ ಹೋಯಿತು! ಹೌದು ಎನ್ನುವ ವಾಕ್ಯದಲ್ಲಿ ಅಲಂಕಾರದಂತಿದ್ದ ರೈಲು, ಇಲ್ಲ ಎನ್ನುವ ವಾಕ್ಯದಲ್ಲಿ ಇಡೀ ಮಾತಿನ ಭಾರ ಹೊತ್ತಿತ್ತು. ನಿಷೇಧ ಬಂದು ಬೀಳುವುದು ಸಾಮಾನ್ಯವಾಗಿ ಆ ಬಿಡಿ ಅಂಶದ ಮೇಲೆಯೇ. ಓದುವುದಿಲ್ಲ ಎಂದಲ್ಲ, ರೈಲಿನಲ್ಲಿ ಅಲ್ಲ.

‘ಮೆಲ್ಕೆಯ್ನ್’ ಎಂಬ ಪುಟ್ಟ ಪದ ಇನ್ನೂ ಖದೀಮ. ‘ಹ್ಯಾನ್ ಮೆಲ್ಕೆಯ್ನ್ ಕಾತುಯಿ’, ಇನ್ನೇನು ಬಿದ್ದೇಬಿಡುತ್ತಿದ್ದ. ಇದನ್ನು ಕಿತ್ತರೆ ಹೌದು ಎನ್ನುವ ವಾಕ್ಯದಲ್ಲೇ ಮನುಷ್ಯ ದೊಪ್ಪನೆ ಬಿದ್ದ. ವಿಶೇಷಣಗಳನ್ನು, ಅವ್ಯಯಗಳನ್ನು ಕಂಡಲ್ಲಿ ಕತ್ತರಿಸಿ ಎಂದು ಹೊಸ ಬರಹಗಾರರಿಗೆ ಉಪದೇಶಿಸುವವರು ಎಲ್ಲ ಭಾಷೆಗಳಲ್ಲೂ ಇದ್ದಾರೆ. ಅವರ ಕತ್ತರಿಗೆ ಇಂಥವು ಸಿಕ್ಕಿದರೆ ಗತಿ ಏನು? ಕ್ರಿಯಾಪದದ ಆಕಾಂಕ್ಷೆ ಬೇರೆ, ಹೇಳುವವನ ಆಕಾಂಕ್ಷೆ ಬೇರೆ. ಮೊದಲನೆಯದನ್ನು ವ್ಯಾಕರಣ ಅಳೆಯುತ್ತದೆ. ಎರಡನೆಯದಕ್ಕೆ ಅಳತೆಗೋಲು ಇಲ್ಲ, ಹೇಳಿದ ಸಂದರ್ಭವನ್ನೇ ನೋಡಬೇಕು.

ತಮಾಷೆಯೆಂದರೆ ಮಾತಾಡುವವರು ಒಮ್ಮೊಮ್ಮೆ ಇದರ ತಿರುಗುಮುರುಗು ಮಾಡುತ್ತಾರೆ. ಬಿಡಿಯನ್ನು ಉಳಿಸಿಕೊಂಡು, ಅಗತ್ಯದ್ದನ್ನೇ ನುಂಗುತ್ತಾರೆ. ಫಿನ್ನಿಷ್ ಮಾತುಕತೆಯಲ್ಲಿ ವಾಕ್ಯವನ್ನು ‘ಎತ್ತ್ಯಾ’ ಎಂದು ಮುಗಿಸುವ ರೂಢಿ ಇದೆ. ಮುಂದೆ ಉಪವಾಕ್ಯ ಬರುತ್ತದೆ ಎಂದು ಸಾರುವ ಕೊಂಡಿಪದ ಅದು. ಬರಹದಲ್ಲಿ ಅದರ ಮುಂದೆ ಅಲ್ಪವಿರಾಮ ತಪ್ಪಿದರೆ ಮೇಷ್ಟ್ರು ಕೆಂಪು ಗೀಟು ಎಳೆಯುತ್ತಾರೆ. ಮಾತಿನಲ್ಲಾದರೆ ‘ತುಂಬಾ ಸುಸ್ತಾಗಿದೆ ಎತ್ತ್ಯಾ...’ ಎಂದು ಹೇಳಿ ಸುಮ್ಮನಾಗುತ್ತಾರೆ. ಆದ್ದರಿಂದ ಇವತ್ತು ಬರಲಾರೆ ಎಂದೋ, ಬೇಗ ಹೊರಡುತ್ತೇನೆ ಎಂದೋ ಉಳಿದದ್ದನ್ನು ಕೇಳುವವರು ತುಂಬಿಕೊಳ್ಳಬೇಕು. ತುಂಬಿಕೊಳ್ಳುತ್ತಾರೆ ಕೂಡ. ಸಂಭಾಷಣೆಯ ಇಂಥ ಅರ್ಧಕ್ಕೆ ನಿಂತ ರಚನೆಗಳನ್ನು ಅಲ್ಲಿನ ಭಾಷಾವಿಜ್ಞಾನಿಗಳು ಧ್ವನಿಮುದ್ರಣಗಳಲ್ಲಿ ಹುಡುಕಿ, ಎಣಿಸಿ, ಬರೆದಿದ್ದಾರೆ. ಕೊಂಡಿ ಕೊಟ್ಟು ಡಬ್ಬಿ ಕೊಡದೆ ಹೋದ ಈ ವಾಕ್ಯವನ್ನು ಅಪೂರ್ಣ ಎಂದು ಅವರು ಬರೆಯುವುದಿಲ್ಲ, ಏಕೆಂದರೆ ಎದುರಿಗಿದ್ದವರು ಅದಕ್ಕೆ ಆಗಲೇ ‘ಸರಿ’ ಎಂದು ಉತ್ತರ ಕೊಟ್ಟಾಗಿರುತ್ತದೆ.